ದವಡೆಗೆ ಹಾಕಿದ ಸ್ಕ್ರೂ

ಹಾಸನದಲ್ಲಿ ನನ್ನದೊಂದು ಮರಗೆಲಸದ ಅಂಗಡಿ ಇದೆ. ಮರಕ್ಕೆ ಸ್ಕ್ರೂ ಹಾಕುತ್ತಾ 31 ವರ್ಷ ಆಯಿತು. ದವಡೆಗೂ ಸ್ಕ್ರೂ ಹಾಕುತ್ತಾರೆ ಅಂತ ಸರಿಯಾಗಿ ತಿಳಿದದ್ದು ಹೋದ ವರ್ಷ, ಅದೂ ನನ್ನದೇ ದವಡೆಗೆ.

ಎಲ್ಲದಕ್ಕೂ ಕಾರಣ ಹುರಿದ ಹುಣಸೆ ಬೀಜ. ಚಿಕ್ಕಂದಿನ ಚಪಲ, ಬಿಡಲಿಲ್ಲ. ಕೆಳಗಿನ ಬಲಗಡೆಯ ದವಡೆ ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಆಗಿತ್ತು. ಅದು ಬೇರಿನ ತನಕ ಸೀಳಿತು, ಒಣಗಿದ ಹಲಸಿನ ಹಲಗೆ ಸೀಳಿದ ಹಾಗೆ. ಕೀಳಿಸಿದೆ. ಕಿತ್ತವರು, "ಒಂದು ಹಲ್ಲು ತಾನೇ, ಎಡಗಡೆ ಅಗಿಯಿರಿ" ಎಂದರು. ನಾನೂ ಎರಡು ವರ್ಷ ಎಡಗಡೆಯೇ ಅಗಿದೆ.

ಆಮೇಲೆ ಬೇರೊಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ನನ್ನ ಮಗಳ ವಯಸ್ಸು. ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ತೋರಿಸಿದರು. ಮೇಲಿನ ಹಲ್ಲು ಖಾಲಿ ಜಾಗ ಕಂಡು ಕೆಳಗಿಳಿದಿತ್ತು. ಪಕ್ಕದ್ದು ವಾಲಿತ್ತು. ಹಲ್ಲಿದ್ದ ಜಾಗದ ಮೂಳೆ ತೆಳ್ಳಗಾಗಿತ್ತು. "ಹಲ್ಲು ಇಲ್ಲದಿದ್ದರೆ ಮೂಳೆಗೆ ಕೆಲಸ ಇಲ್ಲ ಅಂಕಲ್, ಕರಗುತ್ತಾ ಹೋಗುತ್ತೆ" ಎಂದರು. ಮೊದಲಿನವರು ಇದನ್ನು ಹೇಳಲೇ ಇಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಪಕ್ಕದ ಎರಡು ಹಲ್ಲಿನ ಆಸರೆಯಲ್ಲಿ ನಡುವೆ ಕಟ್ಟಿದ ಹಲ್ಲು ಕೂರಿಸುವ ಬ್ರಿಡ್ಜ್ ಹಾಕಿದರೆ ಖರ್ಚು ಕಡಿಮೆ, ಬೇಗ ಮುಗಿಯುತ್ತದೆ. ಆದರೆ ಎರಡೂ ಪಕ್ಕದ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕು. ಕುರ್ಚಿಯ ಒಂದು ಕಾಲು ಮುರಿದರೆ ಪಕ್ಕದ ಎರಡು ಕಾಲು ಕೆತ್ತುವುದಾ? ನನಗೆ ಒಪ್ಪಿಗೆ ಆಗಲಿಲ್ಲ. ಮೂಳೆಗೇ ಸ್ಕ್ರೂ ಹಾಕಿ ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಕೂರಿಸುವ ಇಂಪ್ಲಾಂಟ್ ಅಂತಲೇ ಆಯಿತು. ಸ್ಕ್ಯಾನ್, ಸ್ಕ್ರೂ, ಕ್ಯಾಪ್ ಎಲ್ಲ ಸೇರಿ ನನಗೆ ಬಿದ್ದದ್ದು 44 ಸಾವಿರ. ಅದರಲ್ಲಿ 6 ಸಾವಿರ ತೆಳ್ಳಗಾದ ಮೂಳೆಯ ಜಾಗ ತುಂಬುವ ಮೂಳೆ ಪುಡಿಗೆ. ಎರಡು ವರ್ಷ ತಡ ಮಾಡಿದ್ದಕ್ಕೆ ದಂಡ ಅಂದುಕೊಳ್ಳಿ.

ಕೂಡಲೇ ಮಾಡಲಿಲ್ಲ. ಶುಗರ್ ಇದೆ ಎಂದದ್ದಕ್ಕೆ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಬರೆದರು. 8.4 ಬಂತು. "ಇಳಿಸಿಕೊಂಡು ಬನ್ನಿ, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ, ಮೂಳೆಯೂ ಸ್ಕ್ರೂ ಹಿಡಿಯುವುದಿಲ್ಲ" ಅಂತ ವಾಪಸ್ ಕಳಿಸಿದರು. ಎಲೆ ಅಡಿಕೆ, ಹೊಗೆಸೊಪ್ಪು ಬಿಡಿ ಎಂದರು. ರಕ್ತ ತೆಳುವಾಗುವ ಮಾತ್ರೆ ಏನಾದರೂ ತಗೋತೀರಾ ಅಂತಲೂ ಕೇಳಿದರು. ನಿಮಗೆ ಅಂಥದ್ದು ಇದ್ದರೆ ಮುಚ್ಚಿಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. 7.1ಕ್ಕೆ ಇಳಿದ ಮೇಲೆ ದಿನ ಕೊಟ್ಟರು. ಹಾಸನಾಂಬೆಯ ಬಾಗಿಲು ಮುಚ್ಚಿದ ಮರುವಾರ.

ಅವತ್ತು ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಕುತೂಹಲವೇ ಜಾಸ್ತಿ. ಇಂಜೆಕ್ಷನ್ ಚುಚ್ಚಿದಾಗ ನೋವಾಯಿತು, ಅಷ್ಟೇ. ಐದು ನಿಮಿಷಕ್ಕೆ ತುಟಿ ಮರಗಟ್ಟಿತು. ಆಮೇಲೆ ನಡೆದದ್ದೆಲ್ಲ ನನ್ನ ಅಂಗಡಿಯ ಕೆಲಸವೇ! ಮೊದಲು 2 ಮಿಲಿಮೀಟರ್ ಬೈರಿಗೆ, ಆಮೇಲೆ ಅದಕ್ಕಿಂತ ದಪ್ಪದ್ದು, ಆಮೇಲೆ ಇನ್ನೂ ದಪ್ಪದ್ದು. ಒಂದೇ ಸಲ ದಪ್ಪ ಬೈರಿಗೆ ಹಾಕಿದರೆ ಮರ ಬಿರಿಯುತ್ತದಲ್ಲ, ಹಾಗೇ. ಉದ್ದಕ್ಕೂ ತಣ್ಣನೆಯ ಉಪ್ಪುನೀರು ಸುರಿಯುತ್ತಿತ್ತು. ಬೀಟೆ ಮರಕ್ಕೆ ಜೋರಾಗಿ ಡ್ರಿಲ್ ಹಾಕಿದರೆ ಸುಟ್ಟ ವಾಸನೆ ಬರುತ್ತದೆ. ಮೂಳೆ ಇನ್ನೂ ಸೂಕ್ಷ್ಮ. ಒಂದು ನಿಮಿಷ 47 ಡಿಗ್ರಿ ಬಿಸಿ ತಗುಲಿದರೂ ಹಾಳಾಗುತ್ತದಂತೆ. ನೋವಿಲ್ಲ, ಆದರೆ ಅದುರುವುದು ಕಿವಿಯ ತನಕ ಗೊತ್ತಾಗುತ್ತದೆ. ಕೊನೆಗೆ 10 ಮಿಲಿಮೀಟರ್ ಉದ್ದದ ಟೈಟಾನಿಯಂ ಸ್ಕ್ರೂ. ಕೈಯಲ್ಲಿ ಅಳತೆಯ ಸ್ಪ್ಯಾನರ್ ಹಿಡಿದು 35 ನ್ಯೂಟನ್ ಸೆಂಟಿಮೀಟರ್ ತನಕ ಬಿಗಿದರು. ನಾವು ಕೈಯಂದಾಜಿನಲ್ಲಿ ಬಿಗಿಯುತ್ತೇವೆ, ಅವರಿಗೆ ಅಂಕಿ ಬೇಕು. ಪಕ್ಕದ ಸಂದಿಗೆ ಮೂಳೆ ಪುಡಿ ತುಂಬಿದರು, ನಾವು ಮರದ ಪುಡಿಗೆ ಅಂಟು ಕಲಸಿ ತುಂಬುತ್ತೇವಲ್ಲ, ಅದೇ ತರಹ. ಮೇಲೆ ವಸಡು ಮುಚ್ಚಿ ಹೊಲಿಗೆ. ಒಂದು ಗಂಟೆಯೂ ಆಗಲಿಲ್ಲ.

ಎರಡನೆಯ ದಿನ ಕೆನ್ನೆ ಬನ್ನಿನ ಹಾಗೆ ಊದಿತು. ಇಷ್ಟು ಊತ ಸಹಜ, ಮೂರನೆಯ ದಿನದ ಮೇಲೆ ಇಳಿಯಬೇಕು ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಮೊದಲ ದಿನ ಐಸು, ಮಾತ್ರೆ. ಜೋರಾಗಿ ಮುಕ್ಕಳಿಸುವ ಹಾಗಿಲ್ಲ, ಸ್ಟ್ರಾ ಹಾಕಿ ಎಳನೀರು ಹೀರುವ ಹಾಗಿಲ್ಲ. ಬಿಸಿ ಕಾಫಿಯೂ ಇಲ್ಲ, ಅದೇ ದೊಡ್ಡ ಕಷ್ಟ. ಊಟದ ಚಿಂತೆ ಮಾತ್ರ ಇರಲಿಲ್ಲ. ಮುದ್ದೆ ತಿನ್ನುವವರಿಗೆ ಹಲ್ಲು ಯಾಕೆ? "ಇಷ್ಟು ದಿನ ನುಂಗುತ್ತಲೇ ಇದ್ದಿರಿ, ಈಗೇನು ಹೊಸದಾ?" ಅಂತ ಮನೆಯವಳು ಖಾರ ಕಡಿಮೆ ಹಾಕಿದ ಬಸ್ಸಾರಿನ ಜೊತೆ ಮುದ್ದೆ ಆರಿಸಿ ಕೊಟ್ಟಳು. ಎಂಟನೆಯ ದಿನ ಹೊಲಿಗೆ ಬಿಚ್ಚಿದರು.

ಆಮೇಲೆ ಕಾಯುವುದು. ಇದನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು. ಇಂಪ್ಲಾಂಟ್ ಎಂದರೆ ಎಲ್ಲರೂ ನೋವಿನ ಬಗ್ಗೆ ಕೇಳುತ್ತಾರೆ. ನೋವು ಮೂರು ದಿನ, ಕಾಯುವುದು ನಾಲ್ಕು ತಿಂಗಳು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಂತೆ. ಕೆಳಗಿನ ದವಡೆ ಗಟ್ಟಿ, ಬೇಗ ಹಿಡಿಯುತ್ತದೆ. ಮೇಲಿನದು ತಡ. ನನಗೆ ಪುಡಿ ಹಾಕಿದ್ದರಿಂದ ನಾಲ್ಕು.

"ಬಿಗಿದಾಯಿತಲ್ಲ, ಇನ್ನು ಕಾಯುವುದೇನು?" ಅಂತ ಜಗಳಕ್ಕೇ ನಿಂತೆ. ಆಗ ಅವರು ಹೇಳಿದ್ದು ಕೇಳಿ ನನ್ನ ಮರದ ಲೆಕ್ಕ ತಲೆಕೆಳಗಾಯಿತು. ಮರದಲ್ಲಿ ಸ್ಕ್ರೂ ಮೊದಲ ದಿನ ಎಷ್ಟು ಬಿಗಿಯೋ ಅಷ್ಟೇ, ಬರಬರುತ್ತಾ ಸಡಿಲವೇ ಆಗಬೇಕು. ಮೂಳೆಯಲ್ಲಿ ಹಾಗಲ್ಲ. ಮೊದಲ ಕೆಲವು ವಾರ ಹಿಡಿತ ಕಡಿಮೆಯಾಗುತ್ತದೆ, ಯಾಕೆಂದರೆ ಸುತ್ತಲಿನ ಹಳೆ ಮೂಳೆ ಕರಗುತ್ತಿರುತ್ತದೆ. ಆಮೇಲೆ ಹೊಸ ಮೂಳೆ ಬೆಳೆದು ಟೈಟಾನಿಯಮ್ಮಿಗೆ ಅಂಟಿಕೊಳ್ಳುತ್ತದೆ. ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವೈದ್ಯರು 1952ರಲ್ಲಿ ಬೇರೇನೋ ನೋಡಲು ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಕೂರಿಸಿದ್ದರಂತೆ. ಆಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. 1965ರಲ್ಲಿ ಮನುಷ್ಯರ ದವಡೆಗೆ ಹಾಕಿದರು. ಕಿತ್ತರೂ ಬಾರದ ಸ್ಕ್ರೂ! ಯಾವ ಬಡಗಿಗೆ ಆಸೆಯಾಗುವುದಿಲ್ಲ ಹೇಳಿ.

ಸಂಕ್ರಾಂತಿಯ ಕಬ್ಬು, ಎಳ್ಳು ಬೆಲ್ಲ ಎಲ್ಲ ಎಡಗಡೆಯೇ ಆಯಿತು. ಮಾರ್ಚಿನಲ್ಲಿ ವಸಡು ಸ್ವಲ್ಪ ತೆರೆದು ಸ್ಕ್ರೂ ಮೇಲೆ ಒಂದು ಚಿಕ್ಕ ಬಟನ್ನಿನಂಥದ್ದನ್ನು ತಿರುಗಿಸಿ ಕೂರಿಸಿದರು. ಎರಡು ವಾರ ಬಿಟ್ಟು ಕ್ಯಾಪಿಗೆ ಅಳತೆ. ಮತ್ತೆ ಹತ್ತು ದಿನಕ್ಕೆ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪ್ ಬಂತು. ಬಣ್ಣ ಪಕ್ಕದ ಹಲ್ಲಿಗಿಂತ ಬೆಳ್ಳಗಿತ್ತು, ಬೇಡ ಎಂದೆ, ವಾಪಸ್ ಕಳಿಸಿ ಸರಿ ಮಾಡಿಸಿದರು. ಇಂಥದ್ದಕ್ಕೆಲ್ಲ ಸಂಕೋಚ ಪಟ್ಟುಕೊಳ್ಳಬೇಡಿ.

ಈಗ ಅಗಿಯುತ್ತೇನೆ. ಆದರೆ ಸ್ವಂತ ಹಲ್ಲಿನ ಹಾಗೇ ಅಲ್ಲ. ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ಒಂದು ತೆಳು ಪೊರೆ ಇರುತ್ತದೆ, ಕಚ್ಚಿದ್ದು ಅದರಿಂದ ಗೊತ್ತಾಗುವುದು. ಇಲ್ಲಿ ಅದಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕರೆ ತಡವಾಗಿ ತಿಳಿಯುತ್ತದೆ. ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡು ಕೊಳೆತರೆ ಮೂಳೆ ಹೋಗಿ ಸ್ಕ್ರೂ ಕೂಡ ಹೋಗುತ್ತದೆ. ಅದಕ್ಕೇ ಸಂದಿಗೆ ಸಣ್ಣ ಬ್ರಶ್, ಆರು ತಿಂಗಳಿಗೊಮ್ಮೆ ತೋರಿಸುವುದು.

ಇನ್ನೊಂದು ಮರೆಯುತ್ತಿದ್ದೆ. ಸ್ಕ್ರೂ ಬರುವ ಡಬ್ಬಿಯ ಮೇಲೆ ಕಂಪನಿ, ಅಳತೆ, ನಂಬರ್ ಇರುವ ಸ್ಟಿಕರ್ ಇರುತ್ತದೆ. ಅದನ್ನು ಕೇಳಿ ಇಸ್ಕೊಳ್ಳಿ. ಹತ್ತು ವರ್ಷ ಬಿಟ್ಟು ಕ್ಯಾಪ್ ಸಡಿಲವಾದರೆ ಬೇರೆ ಊರಿನ ಡಾಕ್ಟರಿಗೆ ಯಾವ ಸ್ಪ್ಯಾನರ್ ಹಾಕಬೇಕು ಅಂತ ಗೊತ್ತಾಗಬೇಕಲ್ವಾ. ನನ್ನದು ರೇಷನ್ ಕಾರ್ಡಿನ ಕವರಿನಲ್ಲಿದೆ.