ನಡೆಯದ ನಾಣ್ಯ, ಮಗಳ ಪಾಸ್‌ಬುಕ್

ನಮ್ಮ ದಾವಣಗೆರೆಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಎಷ್ಟೋ ಅಂಗಡಿಯವರು ಮುಟ್ಟುವುದೂ ಇಲ್ಲ. "ಇದು ನಡೆಯಲ್ಲ ಅಕ್ಕ, ನೋಟು ಕೊಡಿ." ಸೊಪ್ಪಿನವರೂ ಅಷ್ಟೇ, ಆಟೋದವರೂ ಅಷ್ಟೇ. ಬೆಂಗಳೂರಿಗೆ ಹೋಗಿ ಬಂದಾಗಲೆಲ್ಲ ನನ್ನ ಪರ್ಸಿನಲ್ಲಿ ನಾಲ್ಕಾರು ನಾಣ್ಯ ಉಳಿದುಬಿಡುತ್ತಿದ್ದವು. ಸುಮ್ನೆ ಭಾರ ಅಂತ ಮಗಳ ಹಾರ್ಲಿಕ್ಸ್ ಡಬ್ಬಿಗೆ ಹಾಕುತ್ತಿದ್ದೆ. ಉಳಿತಾಯದ ಪಾಠ ಗೀಠ ಏನೂ ನನ್ನ ತಲೆಯಲ್ಲಿರಲಿಲ್ಲ.

ಬೇಸಿಗೆ ರಜೆಯಲ್ಲಿ ಒಂದು ದಿನ ಚಿನ್ನು ಡಬ್ಬಿ ಸುರಿದು ಎಣಿಸಿದಳು. 137 ನಾಣ್ಯ. 1,370 ರೂಪಾಯಿ.

"ಅಮ್ಮ, ಯಾರೂ ತಗೊಳ್ಳಲ್ಲ ಅಂದ್ರೆ ಇದು ದುಡ್ಡು ಹೇಗಾಗುತ್ತೆ?"

ಒಳ್ಳೆ ಪ್ರಶ್ನೆ. ಕೆಲವದರಲ್ಲಿ ರೂಪಾಯಿ ಚಿಹ್ನೆ ಇಲ್ಲ, ಕೆಲವದರಲ್ಲಿ ಗೆರೆ ಜಾಸ್ತಿ, ಅದಕ್ಕೇ ನಕಲಿ ಅಂತ ಯಾರೋ ಹಬ್ಬಿಸಿದ್ದು. 14 ವಿನ್ಯಾಸಗಳಿವೆ, ಎಲ್ಲವೂ ಅಸಲಿ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆದರೆ ಅದನ್ನ ಸೊಪ್ಪಿನವರ ಮುಂದೆ ಓದಿ ಹೇಳೋಕಾಗುತ್ತಾ? ಬ್ಯಾಂಕಿನವರು ಬೇಡ ಅನ್ನೋ ಹಾಗಿಲ್ಲ, ಅಲ್ಲಿಗೇ ಹಾಕೋಣ ಅಂದೆ.

ಅವಳಿಗೆ ಹತ್ತು ತುಂಬಿದೆ. ಹತ್ತು ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು. ಎಷ್ಟು ದುಡ್ಡಿನವರೆಗೆ ಅಂತ ಮಿತಿ ಇಡಬೇಕು ಅನ್ನುವುದನ್ನ ಆಯಾ ಬ್ಯಾಂಕೇ ತೀರ್ಮಾನಿಸುತ್ತೆ. ಸಹಿ ಅವಳದೇ ಅಂತ ಗೊತ್ತಾದ ಮೇಲೆ ಎರಡು ದಿನ ಹಳೇ ನೋಟ್‌ಬುಕ್ಕಿನ ತುಂಬ ಅದೇ ಕೆಲಸ. ಕನ್ನಡದಲ್ಲಿ, ಕೊನೆಯ ಅಕ್ಷರದಿಂದ ಒಂದು ಬಾಲ ಎಳೆದು. ಕೌಂಟರಿನಲ್ಲಿ ಬಾಲ ಬೇರೆ ಥರ ಬಂತು ಅಂತ ಇನ್ನೊಂದು ಫಾರ್ಮ್ ಕೇಳಿದಳು. ಕ್ಯಾಷಿಯರ್ ಮೊದಲು ನಾಣ್ಯದ ಚೀಲ ನೋಡಿ ಉಸ್ಸಪ್ಪಾ ಅಂದರು. ಆಮೇಲೆ ಇವಳು ಹತ್ತು ಹತ್ತರ ಕಟ್ಟು ಮಾಡಿ ಪೇಪರಿನಲ್ಲಿ ಸುತ್ತಿ ತಂದಿದ್ದು ಕಂಡು ಸುಮ್ಮನಾದರು.

ಮನೆಗೆ ಬರುವಾಗ ಶುರುವಾಯಿತು. ವರ್ಷಕ್ಕೆ ಎಷ್ಟು ಬಡ್ಡಿ? ಎರಡೂವರೆ ಪರ್ಸೆಂಟ್ ಅಂದೆ. ಲೆಕ್ಕ ಹಾಕಿದಳು. 34 ರೂಪಾಯಿ ಚಿಲ್ಲರೆ.

"ಬರೀ ಮೂರು ನಾಣ್ಯ, ಮೇಲೆ ನಾಲ್ಕು ರೂಪಾಯಾ?"

ನಿನ್ನ ದುಡ್ಡನ್ನ ಅವರು ಪೆಟ್ಟಿಗೆಯಲ್ಲಿ ಇಟ್ಟಿರಲ್ಲ, ಆಟೋ ಕೊಳ್ಳೋರಿಗೆ, ಮನೆ ಕಟ್ಟೋರಿಗೆ ಸಾಲ ಕೊಡ್ತಾರೆ, ಅವರಿಂದ ಜಾಸ್ತಿ ಬಡ್ಡಿ ತಗೊಂಡು ನಿನಗೆ ಸ್ವಲ್ಪ ಕೊಡ್ತಾರೆ ಅಂತ ವಿವರಿಸಿದೆ. ಚೆನ್ನಾಗಿ ಹೇಳಿದೆ ಅಂತ ನನಗೇ ಖುಷಿ. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: "ಆಟೋ ಅಂಕಲ್‌ಗೆ ನನ್ನ ನಾಣ್ಯ ಕೊಟ್ರೆ ಅವರು ತಗೊಳ್ತಾರಾ?"

ನನಗೆ ಬ್ಯಾಂಕ್ ಅಂದರೆ ಕಟ್ಟಡ ಆಗಿರಲೇ ಇಲ್ಲ. ಅಪ್ಪಾಜಿಯ ಸಣ್ಣ ಕಿರಾಣಿ ಅಂಗಡಿಗೆ ಸಂಜೆ ಏಳಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದ ಪಿಗ್ಮಿ ಮಾಮನೇ ಬ್ಯಾಂಕು. ಹೆಗಲಿಗೆ ರೆಕ್ಸಿನ್ ಬ್ಯಾಗು, ಕಿವಿ ಮೇಲೆ ಪೆನ್ನು. ಅಪ್ಪಾಜಿ ಗಲ್ಲಾದಿಂದ ಹತ್ತು ರೂಪಾಯಿ ತೆಗೆದು ಕೊಡೋರು, ಅವರು ಪುಸ್ತಕದಲ್ಲಿ ಬರೆದು ಹೊರಡೋರು. ಎಲ್ಲ ಒಂದು ನಿಮಿಷದ ಕೆಲಸ. ಈ ಪಿಗ್ಮಿ ನಮ್ಮ ಕರ್ನಾಟಕದಲ್ಲೇ ಹುಟ್ಟಿದ್ದು. 1928ರಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತಾಯಿತಲ್ಲ, ಆ ಉಡುಪಿ ಕಡೆಯ ಬ್ಯಾಂಕಿನವರು ಶುರು ಮಾಡಿದ್ದು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆಬಾಗಿಲಿಗೇ ಬಂದು ತಗೊಳ್ಳೋರಂತೆ. ಆ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿಹೋಯಿತು.

ವ್ಯಾಪಾರ ಆಗದ ದಿನ ಅಪ್ಪಾಜಿ "ನಾಳೆ ಬಾರಪ್ಪ" ಅನ್ನುತ್ತಿರಲಿಲ್ಲ. ಐದು ರೂಪಾಯಿ ಆದರೂ ಕೊಟ್ಟು, "ಸಾಲು ಖಾಲಿ ಬಿಡಬೇಡ, ಬರಿ" ಅನ್ನೋರು. ಜೂನ್‌ನಲ್ಲಿ ನಮ್ಮ ಮೂವರ ಫೀಸು, ಬುಕ್ಕು, ಬೂಟು ಅದರಲ್ಲೇ. ಇದನ್ನ ಉಳಿತಾಯ ಅಂತ ಕೂರಿಸಿಕೊಂಡು ಹೇಳಿಕೊಟ್ಟಿದ್ದು ನೆನಪಿಲ್ಲ. ಪಿಗ್ಮಿ ಪುಸ್ತಕ ಮುಟ್ಟಿದರೆ ಮಾತ್ರ ಬೈಯುತ್ತಿದ್ದರು.

ಚಿನ್ನುಗೆ ಈ ಕಥೆ ಹೇಳಿದರೆ ಅವಳ ಆಸಕ್ತಿಯೆಲ್ಲ ಆ ಸೈಕಲ್ ಮೇಲೆ. ಮಳೆ ಬಂದ್ರೆ ದುಡ್ಡು ನೆನೆಯಲ್ವಾ? ಕಳ್ಳರು ಬರ್ತಿರಲಿಲ್ವಾ?

ಕಳೆದ ವಾರ ಕಲರ್ ಪೆನ್ಸಿಲ್ ಬೇಕು ಅಂತ ತಾನೇ ಚಲನ್ ಬರೆದು 200 ರೂಪಾಯಿ ತೆಗೆದಳು. ಕ್ಯಾಷಿಯರ್ ಅವರೇ. ಗುರುತು ಹಿಡಿದರು ಅನ್ನಿಸುತ್ತೆ, ಮುಖದಲ್ಲಿ ಸಣ್ಣ ನಗು. ಗಾಜಿನ ಕೆಳಗಿಂದ ಇಪ್ಪತ್ತು ನಾಣ್ಯ ತಳ್ಳಿದರು.

ಪಕ್ಕದ ಸ್ಟೇಷನರಿ ಅಂಗಡಿಯವರು ತಲೆ ಅಲ್ಲಾಡಿಸಿದರು. ನಾನು ನೋಟಿಗೆ ಪರ್ಸ್ ತೆಗೆಯುವಷ್ಟರಲ್ಲಿ ಇವಳು ಪಾಸ್‌ಬುಕ್ ಬಿಚ್ಚಿ ಅವರ ಮುಂದಿಟ್ಟಳು. "ಬ್ಯಾಂಕಲ್ಲೇ ಕೊಟ್ಟಿದ್ದು ಅಂಕಲ್, ಇವತ್ತಿನ ಡೇಟು ನೋಡಿ." ಅವರು ಪಾಸ್‌ಬುಕ್ ನೋಡಿದರು, ನನ್ನನ್ನ ನೋಡಿದರು. ಕೊನೆಗೆ ಹತ್ತು ನಾಣ್ಯ ತಗೊಂಡರು, ಉಳಿದ ನೂರಕ್ಕೆ ನೋಟೇ ಬೇಕು ಅಂದರು. ನೋಟು ನಾನು ಕೊಟ್ಟೆ.

ಮಿಕ್ಕ ಹತ್ತು ನಾಣ್ಯ ಈಗ ಮತ್ತೆ ಹಾರ್ಲಿಕ್ಸ್ ಡಬ್ಬಿಯಲ್ಲಿವೆ.