ಮಾತು ಮುಚ್ಚಿಟ್ಟು ಓದಿದ ಸಂಚಿಕೆ

ಹಳೇ ಸೂಪರ್‌ಹೀರೋ ಕಾಮಿಕ್ಸ್‌ ಸಂಚಿಕೆಗಳನ್ನು ಒಂದೊಂದಾಗಿ ಓದಿ, ಕಥೆಗೆ ಹತ್ತಕ್ಕೆ ಇಷ್ಟು, ಚಿತ್ರಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಾ ಬಂದಿದ್ದೇನೆ. ಇಲ್ಲಿಯವರೆಗೆ ಎಂಟು ಮುಗಿದಿವೆ. ಈ ವಾರದ್ದು ಒಂಬತ್ತನೆಯದು: 1962ರ ಆಗಸ್ಟ್ ತಿಂಗಳ ಹೆಸರಿನಲ್ಲಿ ಬಂದ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡಿದ್ದು ಇದರಲ್ಲೇ. ಬೆಲೆ ಆಗ 12 ಸೆಂಟ್.

ಮೊದಲ ದಿನ: ಕವರ್

ಕವರ್ ಒಂದಕ್ಕೇ ಒಂದು ಸಂಜೆ ಹೋಯಿತು. ಒಳಗಿನ ಕಥೆಯ ಚಿತ್ರಗಳೆಲ್ಲ ಸ್ಟೀವ್ ಡಿಟ್ಕೊ ಅವರದು. ಕವರ್ ಮಾತ್ರ ಜ್ಯಾಕ್ ಕರ್ಬಿ ಪೆನ್ಸಿಲ್‌ನಲ್ಲಿ ಬರೆದದ್ದು, ಆ ಪೆನ್ಸಿಲ್ ಗೆರೆಗಳ ಮೇಲೆ ಇಂಕ್ ಹಾಕಿದವರು ಡಿಟ್ಕೊ. ಡಿಟ್ಕೊ ತಾವೇ ಬರೆದ ಕವರ್ ಒಂದಿತ್ತು, ಅದನ್ನು ಬದಿಗಿಟ್ಟು ಇದನ್ನು ತೆಗೆದುಕೊಂಡರು.

ಈ ಕವರನ್ನೂ ಒಳಗಿನ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕರ್ಬಿಯ ಸ್ಪೈಡರ್‌ಮ್ಯಾನ್ ಗಟ್ಟಿಮುಟ್ಟಾದ ಆಳು. ಒಬ್ಬ ಮನುಷ್ಯನನ್ನು ಕಂಕುಳಲ್ಲಿ ಅವುಚಿಕೊಂಡು ಆರಾಮಾಗಿ ತೂಗುತ್ತಾನೆ. ಪುಟ ತಿರುಗಿಸಿದರೆ ಡಿಟ್ಕೊ ಬರೆದ ಪೀಟರ್ ಪಾರ್ಕರ್, ಮುಂದೆ ಸ್ಪೈಡರ್‌ಮ್ಯಾನ್ ಆಗುವ ಹುಡುಗ. ಸಣಕಲು ಮೈ, ದುಂಡು ಕನ್ನಡಕ. ಪಕ್ಕದಲ್ಲಿ ನಗುತ್ತಾ ನಿಂತ ಹುಡುಗರ ಗುಂಪು. ಕವರ್ ಚೆನ್ನಾಗಿದೆ, ಆದರೆ ಅದು ಬೇರೆ ಯಾವುದೋ ಕಥೆಯ ಕವರ್. ನನಗೆ ಡಿಟ್ಕೊ ಹುಡುಗನೇ ಇಷ್ಟ.

ಎರಡನೇ ದಿನ: ಬಲೂನ್‌ಗಳ ಮೇಲೆ ಚೀಟಿ

ಈ ಸಲ ಒಂದು ಹೊಸ ಪ್ರಯೋಗ ಮಾಡಿದೆ. ಸ್ಪೈಡರ್‌ಮ್ಯಾನ್ ಕಥೆಯ 11 ಪುಟಗಳಲ್ಲೂ ಪಾತ್ರಗಳ ಮಾತಿನ ಬಲೂನ್, ನಿರೂಪಣೆಯ ಕ್ಯಾಪ್ಶನ್ ಎಲ್ಲದರ ಮೇಲೂ ಅಂಟು ಚೀಟಿ ಹಾಕಿದೆ. ಬರೀ ಚಿತ್ರ ನೋಡಿಕೊಂಡು ಕಥೆ ಎಷ್ಟು ತಿಳಿಯುತ್ತದೆ ಅಂತ ನೋಡಬೇಕಿತ್ತು.

ಮುಕ್ಕಾಲು ಪಾಲು ತಿಳಿಯಿತು. ಜೇಡ ಎಳೆ ಹಿಡಿದು ಇಳಿಯುತ್ತದೆ, ಪ್ರಯೋಗದ ಕಿರಣಕ್ಕೆ ಸಿಕ್ಕಿ ಹುಡುಗನ ಕೈ ಕಚ್ಚುತ್ತದೆ. ಅವನು ಹೊರಗೆ ಬರುತ್ತಾನೆ, ಕಾರೊಂದು ಮೈಮೇಲೆ ಬಂತು ಅನ್ನುವಷ್ಟರಲ್ಲಿ ಜಿಗಿದು ಗೋಡೆಗೆ ಅಂಟಿಕೊಳ್ಳುತ್ತಾನೆ. ಮೇಲೆ ಹತ್ತಿ ಉಕ್ಕಿನ ಪೈಪ್ ಹಿಡಿದರೆ ಅದು ಕಾಗದದ ಹಾಗೆ ಮುದುಡುತ್ತದೆ. ಈ ಪ್ಯಾನೆಲ್ (ಪುಟದೊಳಗಿನ ಒಂದು ಚಿತ್ರಚೌಕ) ಹತ್ತಿರ ನಾನು ಬಹಳ ಹೊತ್ತು ನಿಂತೆ. ಬಲ ಬಂದಿದೆ ಅಂತ ತೋರಿಸಲು ಮೈ ಉಬ್ಬಿಸಿಲ್ಲ, ಮಾಂಸಖಂಡ ಬರೆದಿಲ್ಲ. ಅದೇ ತೆಳ್ಳನೆ ಹುಡುಗ, ಅದೇ ಕೈ. ಬದಲಾಗಿದ್ದು ಕೈಯೊಳಗಿನ ಪೈಪ್ ಮಾತ್ರ!

ಚೀಟಿ ತೆಗೆದು ಓದಿದಾಗ ಅಲ್ಲೆಲ್ಲಾ ಮಾತು ಜಾಸ್ತಿ ಅನ್ನಿಸಿತು. ಗೋಡೆ ಹತ್ತುವವನು ‘ನಾನು ಗೋಡೆ ಹತ್ತುತ್ತಿದ್ದೇನೆ’ ಅಂತ ಹೇಳಬೇಕಾ?

ಆದರೆ ಒಂದು ಕಡೆ ಚಿತ್ರ ನನ್ನ ಕೈಬಿಟ್ಟಿತು. ಮನೆ ಮುಂದೆ ಪೊಲೀಸ್ ಕಾರು, ಒಬ್ಬ ಪೊಲೀಸ್, ಗಾಬರಿಯಾದ ಹುಡುಗ. ಏನಾಗಿದೆ ಅಂತ ಚಿತ್ರದಲ್ಲಿ ಇಲ್ಲವೇ ಇಲ್ಲ. ಪೀಟರ್‌ನನ್ನು ಸಾಕಿದ ಅಂಕಲ್ ಬೆನ್ ಸಾಯುವುದನ್ನು ಡಿಟ್ಕೊ ಬರೆದೇ ಇಲ್ಲ. ಚೀಟಿ ಎತ್ತಿ ಆ ಒಂದು ಬಲೂನ್ ಓದಿದೆ. ಪೊಲೀಸ್ ಹೇಳುತ್ತಾನೆ, ಆಗ ನಮಗೆ ಗೊತ್ತಾಗುತ್ತದೆ. ಪೀಟರ್‌ಗೆ ಗೊತ್ತಾಗುವುದೂ ಆಗಲೇ. ಗುಂಡು ಹಾರಿದ್ದನ್ನು ತೋರಿಸಿದ್ದರೆ ನಾವು ಅವನಿಗಿಂತ ಮುಂದೆ ಇರುತ್ತಿದ್ದೆವು, ಅಲ್ವಾ? ಇಡೀ ಕಥೆಯಲ್ಲಿ ಮಾತು ತನ್ನ ಕೆಲಸ ಪೂರ್ತಿ ಮಾಡಿದ ಜಾಗ ಇದು.

ಇನ್ನೊಂದು ಕೊನೆಯ ಕ್ಯಾಪ್ಶನ್. ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರಬೇಕು ಅನ್ನುವ ಆ ಮಾತನ್ನು ಇಲ್ಲಿ ಅಂಕಲ್ ಬೆನ್ ಹೇಳುವುದಿಲ್ಲ. ಅದು ಬರೀ ನಿರೂಪಣೆಯ ಸಾಲು. ಕೆಳಗೆ ರಾತ್ರಿಯ ಬೀದಿಯಲ್ಲಿ ಒಬ್ಬನೇ ನಡೆದು ಹೋಗುವ ಸಣ್ಣ ಆಕೃತಿ. ಹೇಳಿಕೊಡಬೇಕಾದವನು ಆಗಲೇ ಇಲ್ಲ. ಅದಕ್ಕೇ ಆ ಸಾಲು ನನಗೆ ಅಷ್ಟು ತಾಗಿತು.

ಮೂರನೇ ದಿನ: ಉಳಿದ ಮೂರು ಕಥೆ

ಇದೇ ಸಂಚಿಕೆಯಲ್ಲಿ ಇನ್ನೂ ಮೂರು ಚಿಕ್ಕ ಕಥೆಗಳಿವೆ, ಚಿತ್ರ ಡಿಟ್ಕೊ ಅವರದೇ. ಜ್ವಾಲಾಮುಖಿ ದ್ವೀಪದಲ್ಲಿ ಎಲ್ಲರೂ ಓಡಿಹೋದರೂ ಗಂಟೆ ಬಾರಿಸಲು ಉಳಿಯುವ ಮುದುಕನ ಕಥೆ ಚೊಕ್ಕವಾಗಿದೆ. ಮಮ್ಮಿ ಪೆಟ್ಟಿಗೆಯಲ್ಲಿ ಅಡಗುವ ಕಳ್ಳನದು ಸಾಧಾರಣ. ಮಂಗಳಗ್ರಹದವರ ಕಥೆಯಲ್ಲಿ ಗಂಡ ಹೆಂಡತಿಗೆ ‘ಹೊರಗೆ ಹೋಗಬೇಡ’ ಅನ್ನುತ್ತಾನೆ. ಆ ಭಯ ಯಾಕೆ ಅನ್ನುವುದೇ ಕೊನೆಯ ತಿರುವು. ಒಮ್ಮೆ ಓದಲು ಸಾಕು.

ನಾಲ್ಕನೇ ದಿನ: ಅಂಕ

ಇಲ್ಲಿ ನನ್ನ ಪಟ್ಟಿ ಕೆಟ್ಟಿತು. ಕಥೆಗೆ ಎಷ್ಟು, ಚಿತ್ರಕ್ಕೆ ಎಷ್ಟು?

ಆ ಕಾಲದಲ್ಲಿ ಈ ಸಂಚಿಕೆಯ ಪ್ರಕಾಶಕರಾದ ಮಾರ್ವೆಲ್‌ನಲ್ಲಿ ಬರಹಗಾರ ಸ್ಟಾನ್ ಲೀ ಕಥೆಯ ಸಾರಾಂಶ ಕೊಡುತ್ತಿದ್ದರು. ಕಲಾವಿದ ಅದನ್ನು ಪುಟಪುಟವಾಗಿ, ಪ್ಯಾನೆಲ್ ಪ್ಯಾನೆಲ್ ಆಗಿ ಬಿಡಿಸುತ್ತಿದ್ದ. ಮಾತು ತುಂಬುವುದು ಆಮೇಲೆ. ಚೀಟಿ ಹಾಕಿದರೂ ಕಥೆ ಓಡಿದ್ದು ಇದಕ್ಕೇ. ಎಲ್ಲಿ ನಿಲ್ಲಬೇಕು, ಯಾವ ಮುಖ ಹತ್ತಿರದಿಂದ ಕಾಣಬೇಕು ಅನ್ನುವುದನ್ನೆಲ್ಲ ಚಿತ್ರವೇ ತೀರ್ಮಾನಿಸಿದರೆ ಅದು ಕಥೆ ಹೇಳುವುದಲ್ಲದೆ ಮತ್ತೇನು? 1965ರ ಹೊತ್ತಿಗೆ ಸ್ಪೈಡರ್‌ಮ್ಯಾನ್ ಸಂಚಿಕೆಗಳಲ್ಲೇ ಕಥಾಹಂದರಕ್ಕೆ ಡಿಟ್ಕೊ ಹೆಸರು ಹಾಕಿದರು.

ಈ ಸಂಚಿಕೆಯ ಮೂಲ ಚಿತ್ರಪುಟಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 2008ರಲ್ಲಿ ಯಾರೋ ಹೆಸರು ಹೇಳದೆ ದಾನ ಕೊಟ್ಟರು. ಅದರ ಒಂದು ಪುಟದಲ್ಲಿ ಲೀ ಡಿಟ್ಕೊಗೆ ಪೆನ್ಸಿಲ್‌ನಲ್ಲಿ ಬರೆದ ಸೂಚನೆ ಉಳಿದಿದೆ. ಪೀಟರ್‌ಗೆ ಗುದ್ದಲು ಬರುವ ಆ ಕಾರು ಮುಚ್ಚಿದ ಕಾರಾಗಿರಲಿ, ಅಡ್ಡಾದಿಡ್ಡಿ ಓಡಿಸುತ್ತಿದ್ದಾರೆ ಅನ್ನಿಸಬಾರದು ಅಂತ. ಬರೆಯುವವರು ಚಿತ್ರದೊಳಗೆ ಕೈ ಹಾಕಿದ್ದಾರೆ, ಬಿಡಿಸುವವರು ಕಥೆಯೊಳಗೆ. ನಾನು ಯಾವ ಗೆರೆ ಎಳೆದು ಭಾಗ ಮಾಡಲಿ?

ಎರಡು ಕಾಲಂ ಅಳಿಸಿ ಒಂದೇ ಮಾಡಿದೆ. ಸ್ಪೈಡರ್‌ಮ್ಯಾನ್ ಕಥೆಗೆ ಒಂಬತ್ತೂವರೆ, ಗಂಟೆ ಮುದುಕನಿಗೆ ಏಳು, ಮಂಗಳದವರಿಗೆ ಆರು, ಮಮ್ಮಿಗೆ ಐದು. ಹಳೇ ಎಂಟು ಸಂಚಿಕೆಗಳ ಅಂಕ ಈಗ ನಿಲ್ಲುವುದಿಲ್ಲ. ಎಲ್ಲವನ್ನೂ ಚೀಟಿ ಹಾಕಿ ಮತ್ತೆ ಓದಬೇಕು. ಮೊದಲನೆಯದರ ನಾಲ್ಕು ಪುಟಕ್ಕೆ ಇವತ್ತು ರಾತ್ರಿ ಚೀಟಿ ಅಂಟಿಸಿ ಆಯಿತು.