ಏಳನೆಯ ಅಂಕದಲ್ಲಿ ಶಾಪವಿಲ್ಲ

ಮರೆಯಲ್ಲಿ ಕುಳಿತು ನಟರಿಗೆ ಮರೆತ ಮಾತು ನೆನಪಿಸುವ ಪ್ರಾಂಪ್ಟರ್ ಆದವನಿಗೆ ನಾಟಕದ ಮಾತುಗಳಿಗಿಂತ ಅದರ ಮೌನಗಳು ಚೆನ್ನಾಗಿ ಬಾಯಿಪಾಠವಾಗಿರಬೇಕು. ನಟ ಮಾತು ಮರೆತು ನಿಂತಿದ್ದಾನೆಯೋ, ಬೇಕೆಂದೇ ತಡೆದು ನಿಂತಿದ್ದಾನೆಯೋ ಎಂಬುದು ತಕ್ಷಣ ತಿಳಿಯಬೇಕು. ಮರೆತವನ ಕಣ್ಣು ಎದುರಿನ ಪಾತ್ರವನ್ನು ಬಿಟ್ಟು ಎಲ್ಲೋ ಹುಡುಕುತ್ತದೆ. ತಡೆದು ನಿಂತವನ ಕಣ್ಣು ಎದುರಿನವರನ್ನು ಬಿಟ್ಟು ಕದಲುವುದಿಲ್ಲ. ನಮ್ಮ ಕಾಲೇಜಿನ ಬೇಸಿಗೆ ರಂಗಭೂಮಿಯಲ್ಲಿ, ರಂಗದ ಪಕ್ಕದ ವಿಂಗಿನ ಮರೆಯ ಸಣ್ಣ ದೀಪದಡಿ ಕುಳಿತು ನಾನು ಕಲಿತ ಮೊದಲ ವಿದ್ಯೆ ಇದು. ಇದು ಇಲ್ಲದಿದ್ದರೆ ನಾನೀಗ ಹೇಳಹೊರಟಿರುವ ಪ್ರೇಮ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅವರಿಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು. ನಮಗೆಲ್ಲ ಅವರು ಅಕ್ಕ ಮತ್ತು ಅಣ್ಣ, ಇಲ್ಲಿಯೂ ಹಾಗೆಯೇ ಇರಲಿ.

ಆ ಬೇಸಿಗೆ ಎತ್ತಿಕೊಂಡದ್ದು ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’. ಅಕ್ಕ ಶಕುಂತಲೆ, ಅಣ್ಣ ದುಷ್ಯಂತ. ಇಬ್ಬರೂ ನಮಗಿಂತ ಬಹಳ ಮುಂಚೆ ಇದೇ ಕಾಲೇಜಿನಲ್ಲಿ ಓದಿದವರು, ಇದೇ ರಂಗದ ಮೇಲೆ ಜೊತೆಯಾಗಿ ಬಣ್ಣ ಹಚ್ಚಿದವರು. ಮದುವೆಯಾಗುತ್ತಾರೆಂದು ಆಗ ಎಲ್ಲರೂ ತಿಳಿದಿದ್ದರಂತೆ. ಅಣ್ಣ ಊರೂರು ತಿರುಗುವ ತಂಡವೊಂದನ್ನು ಸೇರಿ ಹೊರಟರು. ಪತ್ರಗಳು ವಿರಳವಾದವು, ಆಮೇಲೆ ನಿಂತೇ ಹೋದವು. ಅಷ್ಟೇ ಕಥೆ. ಜಗಳವಾಗಿ ಮುರಿದಿದ್ದರೆ ಮರೆಯುವುದು ಸುಲಭವಿತ್ತು ಎಂದು ಅಕ್ಕ ಒಮ್ಮೆ ಹೇಳಿದ್ದರು. ವರ್ಷಗಳ ನಂತರ ನಿರ್ದೇಶಕರಾದ ನಮ್ಮ ಮೇಷ್ಟ್ರು ಇಬ್ಬರನ್ನೂ ಕರೆಸಿದಾಗ, ಅವರು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡಿದರೆಂದು ಹಲವರು ಹೇಳಿದರು. ನಾನು ಒಪ್ಪುವುದಿಲ್ಲ. ಮೇಷ್ಟ್ರಿಗೆ ಆ ಎರಡು ಪಾತ್ರಗಳಿಗೆ ತಕ್ಕ ನಟರು ಬೇಕಾಗಿತ್ತು, ತಕ್ಕವರು ಇವರಿಬ್ಬರೇ ಆಗಿದ್ದರು.

ಓದುವ ತಾಲೀಮಿನ ಮೊದಲ ವಾರ ಮೇಷ್ಟ್ರು ಮಹಾಭಾರತದ ಶಕುಂತಲೆಯ ಕಥೆಯನ್ನು ವಿವರಿಸಿದರು. ಆದಿಪರ್ವದಲ್ಲಿ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿಯ ರಾಜನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ಅವಳನ್ನು ನಿರಾಕರಿಸುತ್ತಾನೆ, ಆಕಾಶವಾಣಿಯಾದ ಮೇಲೆ ಒಪ್ಪಿಕೊಳ್ಳುತ್ತಾನೆ, ಜನ ಸಂಶಯಪಟ್ಟಾರೆಂದು ಹಾಗೆ ಮಾಡಿದೆ ಎನ್ನುತ್ತಾನೆ. ಶಾಪವನ್ನು ತಂದು ರಾಜನ ಮರೆವಿಗೆ ಕಾರಣ ಒದಗಿಸಿದವನು ಕಾಳಿದಾಸ.

ಆಗ ಅಕ್ಕ ಕೇಳಿದರು: “ಶಾಪವನ್ನು ತೆಗೆದುಬಿಟ್ಟರೆ ಇವಳು ಅವನನ್ನು ಕ್ಷಮಿಸುತ್ತಿದ್ದಳೇ ಮೇಷ್ಟ್ರೇ?”

ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಅಣ್ಣನೇ ಮಾತನಾಡಿದರು. “ಏಳನೆಯ ಅಂಕದಲ್ಲಿ ಮಾರೀಚ ಋಷಿಗಳು ಹೇಳುವವರೆಗೂ ದುಷ್ಯಂತನಿಗೆ ಶಾಪದ ವಿಷಯ ಗೊತ್ತಿಲ್ಲ. ಅಲ್ಲಿಯವರೆಗೆ ತಪ್ಪೆಲ್ಲ ತನ್ನದೇ ಎಂದುಕೊಂಡಿದ್ದಾನೆ. ನಾನು ಹಾಗೆಂದೇ ತಾಲೀಮು ಮಾಡುತ್ತೇನೆ.”

ಆ ರಾತ್ರಿ ನಾನು ನನ್ನ ಪ್ರತಿಯನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಅಣ್ಣ ಹೇಳಿದ್ದು ನಿಜ. ಅಷ್ಟೇ ಅಲ್ಲ, ಶಾಪದ ಸಂಗತಿ ಶಕುಂತಲೆಗೂ ಗೊತ್ತಿರುವುದಿಲ್ಲ. ಅದನ್ನು ಬಲ್ಲವರು ಅನಸೂಯೆ, ಪ್ರಿಯಂವದೆಯರು ಮಾತ್ರ, ಅವರು ಗೆಳತಿಗೆ ಹೇಳದೆ ಮುಚ್ಚಿಟ್ಟಿದ್ದಾರೆ. ಹೇಮಕೂಟದ ಆಶ್ರಮದಲ್ಲಿ ರಾಜ ಅವಳ ಕಾಲಿಗೆರಗುವುದು, ಅವಳು ಅವನನ್ನು ಎಬ್ಬಿಸುವುದು, ಅಂದು ತಾನು ಕಡೆಗಣಿಸಿದ ಕಣ್ಣೀರನ್ನು ಇಂದು ಅವನು ಒರೆಸುವುದು, ಇದೆಲ್ಲ ಮುಗಿದ ಮೇಲೆಯೇ ಮಾರೀಚರು ಶಾಪದ ಸುದ್ದಿ ಹೇಳುತ್ತಾರೆ. ಅಂದರೆ ಕ್ಷಮೆ ಮೊದಲು, ಕಾರಣ ಆಮೇಲೆ. ಅಕ್ಕನ ಪ್ರಶ್ನೆಗೆ ಕಾಳಿದಾಸ ಉತ್ತರ ಬರೆದೇ ಇಟ್ಟಿದ್ದ. ಮರುದಿನ ಅಕ್ಕನಿಗೆ ಪುಟ ತೆರೆದು ತೋರಿಸಿದೆ. ಬಹಳ ಹೊತ್ತು ಓದಿದರು, ಏನೂ ಹೇಳದೆ ಪ್ರತಿಯನ್ನು ಮರಳಿಸಿದರು.

ಬೇಸಿಗೆ ರಂಗಭೂಮಿಯಲ್ಲಿ ಮುನಿಸಿಕೊಂಡಿರಲು ಬಿಡುವಿರುವುದಿಲ್ಲ. ಹಗಲು ಒಂದು ನಾಟಕದ ತಾಲೀಮು, ಸಂಜೆ ಇನ್ನೊಂದರ ಪ್ರಯೋಗ. ಪಾತ್ರವಿಲ್ಲದ ಹೊತ್ತಿನಲ್ಲಿ ನಟರೇ ರಂಗಸಜ್ಜಿಕೆಯ ಫ್ಲಾಟುಗಳಿಗೆ ಬಣ್ಣ ಬಳಿಯಬೇಕು, ಉಡುಪಿನ ಗುಂಡಿ ಹೊಲಿಯಬೇಕು. ಒಂದು ತುದಿಯನ್ನು ಅಣ್ಣ, ಇನ್ನೊಂದನ್ನು ಅಕ್ಕ ಹಿಡಿದು ಮೆಟ್ಟಿಲು ಸಾಗಿಸುವಾಗ “ಎಡಕ್ಕೆ, ಇನ್ನೂ ಎಡಕ್ಕೆ” ಎನ್ನುವುದಾದರೂ ಬೇಕಾಗುತ್ತಿತ್ತು. ಅವರ ನಡುವೆ ಮಾತು ಮತ್ತೆ ಆರಂಭವಾದದ್ದು ಹಾಗೆ ಎಂದೇ ನನ್ನ ನಂಬಿಕೆ.

ಐದನೆಯ ಅಂಕ ಕಷ್ಟದ್ದಾಗಿತ್ತು. ಉಂಗುರ ತೋರಿಸಲು ಬೆರಳು ನೋಡಿಕೊಂಡರೆ ಬೆರಳು ಬರಿದು. ರಾಜ ಹೆಂಗಸರ ಕಪಟದ ಬಗ್ಗೆ ಹಂಗಿಸುತ್ತಾನೆ, ಶಕುಂತಲೆ ‘ಅನಾರ್ಯ’ ಎಂದು ಅವನ ಮುಖಕ್ಕೇ ಅನ್ನುತ್ತಾಳೆ. ಅಕ್ಕ ಆ ಒಂದು ಮಾತನ್ನು ಮೊದಮೊದಲು ಕಿರುಚುತ್ತಿದ್ದರು. ಮೇಷ್ಟ್ರು ಅವರನ್ನು ತಿದ್ದಲಿಲ್ಲ. ಅಣ್ಣನನ್ನು ತಿದ್ದಿದರು: “ಅವಳ ಮಾತು ಮುಗಿಯುವ ಮುಂಚೆಯೇ ನಿನ್ನ ಮುಖದಲ್ಲಿ ಪಶ್ಚಾತ್ತಾಪ ಬರುತ್ತಿದೆ. ರಾಜನಿಗೆ ಇನ್ನೂ ಏನೂ ನೆನಪಾಗಿಲ್ಲ. ಸುಮ್ಮನೆ ಕೇಳು.” ಅಣ್ಣ ಕೇಳುವುದನ್ನು ಕಲಿತರು. ಅವರು ಕೇಳತೊಡಗಿದ ಮೇಲೆ ಅಕ್ಕನ ದನಿ ತಾನಾಗಿಯೇ ಇಳಿಯಿತು. ಆಗ ಆ ಮಾತು ಕೇಳಿ ನನ್ನ ಮೈ ನಡುಗಿತು.

ಮಾತು ಒಪ್ಪಿಸುವಾಗ ಪ್ರತಿ ಹಿಡಿದು ನಾನೂ ಕೂರಬೇಕಿತ್ತು. ಒಂದು ಸಂಜೆ ಖಾಲಿ ಸಭಾಂಗಣದಲ್ಲಿ ಏಳನೆಯ ಅಂಕ ಒಪ್ಪಿಸುತ್ತಿದ್ದ ಅಣ್ಣ ನಡುವೆ ನಿಲ್ಲಿಸಿ, “ಕೊನೆಯ ಪತ್ರಕ್ಕೆ ಉತ್ತರ ಬರೆದಿದ್ದೆ. ಅಂಚೆಗೆ ಹಾಕುವ ಧೈರ್ಯ ಬರಲಿಲ್ಲ” ಎಂದರು. ನನ್ನ ಪ್ರತಿಯಲ್ಲಿ ಇಲ್ಲದ ಮಾತು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಪುಟವನ್ನೇ ನೋಡುತ್ತಿದ್ದೆ. ಅಕ್ಕ ಸ್ವಲ್ಪ ಹೊತ್ತು ಬಿಟ್ಟು, “ಮುಂದಿನ ಮಾತು ಹೇಳು” ಎಂದರು. ಅಣ್ಣ ಮುಂದಿನ ಮಾತು ಹೇಳಿದರು. ಅಂಕ ಮುಗಿಯುವವರೆಗೂ ಇಬ್ಬರೂ ಒಂದು ಕಡೆಯೂ ತಪ್ಪಲಿಲ್ಲ.

ಏಳನೆಯ ಅಂಕದಲ್ಲಿ ನನಗೆ ಬಹಳ ಪ್ರಿಯವಾದ ಎರಡು ಜಾಗಗಳಿವೆ. ಮಗು ಸರ್ವದಮನ ರಾಜನನ್ನು ತೋರಿಸಿ ಇವನು ಯಾರೆಂದು ಕೇಳಿದಾಗ ಶಕುಂತಲೆ, “ನಿನ್ನ ಅದೃಷ್ಟವನ್ನೇ ಕೇಳು ಮಗು” ಎನ್ನುತ್ತಾಳೆ. ಇನ್ನೊಂದು, ಉಂಗುರದ್ದು. ರಾಜ ಅದನ್ನು ಮತ್ತೆ ತೊಡಿಸಲು ಬರುತ್ತಾನೆ. ಅವಳು, “ನನಗೆ ಇದರ ಮೇಲೆ ನಂಬಿಕೆಯಿಲ್ಲ, ನೀವೇ ತೊಟ್ಟುಕೊಳ್ಳಿ” ಎನ್ನುತ್ತಾಳೆ. ಜಗತ್ತಿನ ನಾಟಕಗಳಲ್ಲಿ ಇಷ್ಟು ಘನತೆಯ ನಿರಾಕರಣೆ ಇನ್ನೊಂದಿರಲಾರದು. ಅವನನ್ನು ಒಪ್ಪುತ್ತಾಳೆ, ಗುರುತಿನ ವಸ್ತುವನ್ನು ಒಪ್ಪುವುದಿಲ್ಲ.

ತಾಲೀಮಿನಲ್ಲಿ ಅಕ್ಕ ಈ ಮಾತನ್ನು ನಗುತ್ತಲೂ ಹೇಳಿ ನೋಡಿದ್ದರು, ಬಿಗಿದ ಮುಖದಲ್ಲೂ ಹೇಳಿ ನೋಡಿದ್ದರು. ಕೊನೆಯ ಪ್ರಯೋಗದ ದಿನ ಅಣ್ಣ ಉಂಗುರ ಚಾಚಿದರು, ಅಕ್ಕ ಮಾತು ಆಡಲಿಲ್ಲ. ನನ್ನ ಬೆರಳು ಆ ಸಾಲಿನ ಮೇಲಿತ್ತು. ಬೆಳಕಿನ ಹುಡುಗ ಗಾಬರಿಯಿಂದ ನನ್ನ ಕಡೆ ನೋಡಿದ. ನಾನು ಅಕ್ಕನ ಕಣ್ಣು ನೋಡಿದೆ. ಅದು ಅಣ್ಣನ ಮೇಲಿತ್ತು. ಸುಮ್ಮನಿದ್ದೆ. ಅಣ್ಣನೂ ಕೈ ಹಿಂತೆಗೆಯಲಿಲ್ಲ. ಆಮೇಲೆ ಅಕ್ಕ ಮಾತು ಹೇಳಿದರು, ಹೇಳುತ್ತಾ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಉಂಗುರದ ಮೇಲೆ ಮಡಿಸಿದರು. ಮೇಷ್ಟ್ರು ಹೇಳಿಕೊಟ್ಟ ಚಲನೆಯಲ್ಲಿ ಅದು ಇರಲಿಲ್ಲ. ಪ್ರಯೋಗ ಮುಗಿದ ಮೇಲೆ ಮೇಷ್ಟ್ರು ನನ್ನ ಬಳಿ ಬಂದು, “ಅದನ್ನು ಪ್ರತಿಯಲ್ಲಿ ಬರೆದುಕೋ” ಎಂದರು.

ಮರುದಿನವೇ ಮದುವೆಯ ಮಾತಾಯಿತೆಂದು ಯಾರೂ ತಿಳಿಯಬಾರದು. ಅಣ್ಣ ತಂಡ ಬಿಟ್ಟು ಬಂದು ನೆಲೆಸಿದರು. ಇಬ್ಬರೂ ಮತ್ತೆ ಒಂದೆರಡು ಬೇಸಿಗೆ ಬೇರೆ ಬೇರೆ ನಾಟಕಗಳಲ್ಲಿ, ಬೇರೆಯವರ ಎದುರು ಪಾತ್ರ ಮಾಡಿದರು. ಅಕ್ಕನೇ ಹಾಗೆ ಕೇಳಿದ್ದಂತೆ. ಶಕುಂತಲೆಯ ಕ್ಷಮೆ ಎಷ್ಟು, ತನ್ನದು ಎಷ್ಟು ಎಂಬುದನ್ನು ರಂಗದಿಂದ ಇಳಿದು ನೋಡಬೇಕಿತ್ತು ಎಂದರು. ನನಗೆ ಅವರ ಮೇಲಿರುವ ಗೌರವ ಇಮ್ಮಡಿಯಾದದ್ದು ಆ ಮಾತು ಕೇಳಿದ ದಿನ. ಆಮೇಲೆ ಸರಳವಾಗಿ ಮದುವೆಯಾದರು.

ಈ ಬೇಸಿಗೆಗೆ ಅವರು ಕಾಲೇಜಿಗೆ ಬಂದು ಶೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ಆಡಿಸುತ್ತಿದ್ದಾರೆ. 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಆಡಿದ್ದಕ್ಕೆ ದಾಖಲೆಯಿರುವ ನಾಟಕ ಅದು. ಲಿಯಾಂಟಿಸ್ ರಾಜ ಬರೀ ಸಂಶಯದಿಂದ ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ, ಅಲ್ಲಿ ಯಾವ ಋಷಿಯ ಶಾಪವೂ ಇಲ್ಲ. 16 ವರ್ಷಗಳ ಮೇಲೆ ವಿಗ್ರಹದಂತೆ ನಿಂತಿದ್ದ ಹರ್ಮಿಯೊನಿ ಇಳಿದು ಬಂದು ಗಂಡನನ್ನು ಅಪ್ಪಿಕೊಳ್ಳುತ್ತಾಳೆ, ಆದರೆ ಮಾತನಾಡುವುದು ಮಗಳ ಜೊತೆ ಮಾತ್ರ. ಆ ಅಪ್ಪುಗೆಯೇ ಸಾಕು ಎನ್ನುತ್ತಾರೆ ಅಣ್ಣ. ಮಾತಿಲ್ಲದಿರುವುದನ್ನು ಪ್ರೇಕ್ಷಕರು ಗಮನಿಸಲೇಬೇಕು ಎನ್ನುತ್ತಾರೆ ಅಕ್ಕ. ವಾದ ಇನ್ನೂ ಮುಗಿದಿಲ್ಲ, ಪಾತ್ರಗಳ ಆಯ್ಕೆಯೂ ಆಗಿಲ್ಲ. ಪರೀಕ್ಷೆ ಮುಗಿದ ತಕ್ಷಣ ಹೋಗಿ ಹೆಸರು ಕೊಡಿ.